ಡಿಕ್ರಿ ಕೈಗೆ ಬಂತು, ದುಡ್ಡು ಯಾವ ಗಂಟಿನಿಂದ?

ಭೂಸ್ವಾಧೀನದ ಕೇಸು ಗೆದ್ದ ರೈತ ಕೋರ್ಟಿನ ಮೆಟ್ಟಿಲಿಳಿಯುತ್ತ ವಕೀಲರನ್ನು ಮೊದಲು ಕೇಳುವುದು ‘ಎಕರೆಗೆ ಎಷ್ಟು ಏರಿಸಿದರು?’ ಎಂದು. ಅದರ ಬೆನ್ನಿಗೇ ಇನ್ನೊಂದು ಮಾತು ಕೇಳಿಕೊಳ್ಳಬೇಕು: ಕೊಡಬೇಕಾದವರು ಯಾರು?

ಉತ್ತರ ತೀರ್ಪಿನ ಮೊದಲ ಪುಟದಲ್ಲೇ, ಎದುರುದಾರರ ಹೆಸರಿನಲ್ಲಿದೆ. ನಮ್ಮ ರಾಮನಗರ ಸೀಮೆಯ ತಾಲ್ಲೂಕುಗಳಲ್ಲಿ ಜಮೀನು ಬೇರೆ ಬೇರೆ ಕೈಗಳಿಗೆ ಹೋಗಿದೆ. ಬಿಡದಿಯ ಕೈಗಾರಿಕಾ ಪ್ರದೇಶಕ್ಕೆ ಹೋಗಿದ್ದರೆ ಹಣ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯದು (ಕೆಐಎಡಿಬಿ). 1966ರ ಕಾಯ್ದೆಯಡಿ ಹುಟ್ಟಿದ ಆ ಮಂಡಳಿಗೆ ಅದರದೇ ನಿಧಿಯಿದೆ. ರಾಮನಗರ, ಚನ್ನಪಟ್ಟಣ ಹಾದುಹೋಗುವ ಬೆಂಗಳೂರು–ಮೈಸೂರು ಹೆದ್ದಾರಿಗಾದರೆ ಹೆದ್ದಾರಿ ಪ್ರಾಧಿಕಾರ ಕೊಡಬೇಕು; ಅಲ್ಲಿ ಪರಿಹಾರದ ತಕರಾರು ಮೊದಲು ಹೋಗುವುದೂ ಕೋರ್ಟಿಗಲ್ಲ, ಮಧ್ಯಸ್ಥಗಾರರ ಮುಂದಕ್ಕೆ. ಅಪಘಾತ ಪರಿಹಾರ ಕೊಡದ್ದಕ್ಕೆ ಕೆಎಸ್‌ಆರ್‌ಟಿಸಿ ಬಸ್ಸು ಜಪ್ತಿಯಾಯಿತೆಂದು ಪತ್ರಿಕೆಯಲ್ಲಿ ಓದುತ್ತೇವಲ್ಲ, ಅದೂ ನಿಗಮದ ಗಂಟು, ಸರ್ಕಾರದ ಖಜಾನೆಯಲ್ಲ.

ಎದುರುದಾರ ‘ಕರ್ನಾಟಕ ರಾಜ್ಯ’ ಎಂದೇ ಇದ್ದರೆ ಕಥೆ ಬೇರೆ. ಕೆರೆ, ನಾಲೆ, ರಸ್ತೆ, ಶಾಲೆ, ನಿವೇಶನಕ್ಕೆಂದು ಸರ್ಕಾರ ತಾನೇ ಪಡೆದ ನೆಲ ಈ ಲೆಕ್ಕಕ್ಕೆ ಬರುತ್ತದೆ. ಹಳೆಯ ಕಡತದಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆ ಎಂದಿರಬಹುದು, 2007ರ ನಂತರದ್ದರಲ್ಲಿ ರಾಮನಗರ ಜಿಲ್ಲೆ ಎಂದು, ಇನ್ನು ಮುಂದಿನದರಲ್ಲಿ ಬೆಂಗಳೂರು ದಕ್ಷಿಣ ಎಂದು. ಜಿಲ್ಲೆಯ ಹೆಸರು ಎಷ್ಟು ಸಲ ಬದಲಾದರೂ ಸಾಲಗಾರ ಒಬ್ಬನೇ: ರಾಜ್ಯ.

ರಾಜ್ಯದ ಆದಾಯವೆಲ್ಲ ಸಂಚಿತ ನಿಧಿಗೆ ಸೇರುತ್ತದೆ. ಶಾಸನಸಭೆ ಕಾನೂನು ಮಾಡದೆ ಅದರಿಂದ ಒಂದು ರೂಪಾಯಿಯೂ ಹೊರಬರುವಂತಿಲ್ಲ, 266ನೇ ವಿಧಿ ಹಾಗೆ ಕಟ್ಟುಮಾಡಿದೆ. ಹಾಗಾದರೆ ಕೋರ್ಟಿನಲ್ಲಿ ಸೋತ ಸರ್ಕಾರ, ಸದನದಲ್ಲಿ ತನ್ನದೇ ಬಹುಮತವಿಟ್ಟುಕೊಂಡು, ಗೆದ್ದ ರೈತನಿಗೆ ಹಣ ಬೇಡವೆಂದುಬಿಟ್ಟರೆ? ಸಂವಿಧಾನ ಬರೆದವರು ಇದನ್ನು ಮೊದಲೇ ಯೋಚಿಸಿದ್ದರು. 202ನೇ ವಿಧಿಯ 3ನೇ ಖಂಡದಲ್ಲಿ ಒಂದು ಪಟ್ಟಿಯಿದೆ: ರಾಜ್ಯಪಾಲರ ವೇತನ, ಸಭಾಧ್ಯಕ್ಷರ ವೇತನ, ಸಾಲದ ಬಡ್ಡಿ, ಹೈಕೋರ್ಟ್ ನ್ಯಾಯಮೂರ್ತಿಗಳ ವೇತನ, ಅವುಗಳ ಸಾಲಿನಲ್ಲೇ ಕೋರ್ಟು ಅಥವಾ ಮಧ್ಯಸ್ಥಿಕೆ ಮಂಡಳಿಯ ತೀರ್ಪು, ಡಿಕ್ರಿ, ಐತೀರ್ಪು ತೀರಿಸಲು ಬೇಕಾದ ಮೊತ್ತ. ಆಯವ್ಯಯದ ಪುಸ್ತಕಗಳು ಇದನ್ನು ‘ಪ್ರಭೃತ’ ವೆಚ್ಚ ಎನ್ನುತ್ತವೆ. ಶಾಸಕರು ಇದರ ಬಗ್ಗೆ ಚರ್ಚಿಸಬಹುದು, ಮಂತ್ರಿಯನ್ನು ತರಾಟೆಗೆ ತೆಗೆದುಕೊಳ್ಳಬಹುದು. ಆದರೆ 203ನೇ ವಿಧಿಯ ಪ್ರಕಾರ ಇದನ್ನು ಮತಕ್ಕೆ ಹಾಕುವಂತಿಲ್ಲ. ಮಾಗಡಿಯ ಒಬ್ಬ ಸಣ್ಣ ಹಿಡುವಳಿದಾರನ ಡಿಕ್ರಿಗೆ ರಾಜ್ಯಪಾಲರ ಸಂಬಳಕ್ಕಿರುವಷ್ಟೇ ರಕ್ಷಣೆ! ಇದು ನನಗೆ ಸಂವಿಧಾನದ ಅತ್ಯಂತ ಧೈರ್ಯದ ಸಾಲುಗಳಲ್ಲಿ ಒಂದಾಗಿ ಕಾಣುತ್ತದೆ. ಎಲ್ಲೆಡೆ ಹೀಗಿಲ್ಲ: ಅಮೆರಿಕದ ಫ್ಲಾರಿಡಾದಲ್ಲಿ, ಸರ್ಕಾರದ ವಿರುದ್ಧ ಕಾನೂನಿನ ಮಿತಿ ಮೀರಿದ ಪರಿಹಾರವನ್ನು ಜ್ಯೂರಿ ಕೊಟ್ಟರೂ ಉಳಿದ ಹಣಕ್ಕೆ ಶಾಸನಸಭೆ ಪ್ರತ್ಯೇಕ ಮಸೂದೆ ಪಾಸು ಮಾಡುವ ತನಕ ಕಾಯಬೇಕು.

ಆದರೆ ಮತಕ್ಕೆ ಬೀಳದ ಹಣ ತಾನಾಗಿ ನಡೆದುಬರುವುದಿಲ್ಲ. ಧನವಿನಿಯೋಗ ಮಸೂದೆಯಲ್ಲಿ ಆ ಮೊತ್ತ ಸೇರಲೇಬೇಕು. ಸೇರಬೇಕಾದರೆ ಇಲಾಖೆಯಲ್ಲಿ ಯಾರೋ ಒಬ್ಬರು ಅದನ್ನು ಬರೆಯಬೇಕು. ತೀರ್ಪಿನ ದೃಢೀಕೃತ ಪ್ರತಿ, ಸರ್ಕಾರಿ ವಕೀಲರ ಅಭಿಪ್ರಾಯ, ಮೇಲ್ಮನವಿ ಹೋಗಬೇಕೋ ಬೇಡವೋ ಎಂಬ ಕಾನೂನು ಇಲಾಖೆಯ ತೀರ್ಮಾನ, ಹಣಕಾಸು ಇಲಾಖೆಯ ಒಪ್ಪಿಗೆ ಎಂದು ಕಡತ ಮೇಜಿನಿಂದ ಮೇಜಿಗೆ ಹೋಗುತ್ತದೆ. ಮಾರ್ಚಿನ ಬಜೆಟ್ಟಿನಲ್ಲಿ ಅವಕಾಶವಿಲ್ಲದಿದ್ದರೆ ಪೂರಕ ಅಂದಾಜಿನ ಕಂತಿಗೆ ಕಾಯುತ್ತದೆ. ತೀರಾ ತುರ್ತಾದರೆ ಸಾದಿಲ್ವಾರು ನಿಧಿಯಿಂದ ಮುಂಗಡ ತೆಗೆದು ಆಮೇಲೆ ಸದನದ ಮುಂದಿಡುವ ದಾರಿಯೂ ಇದೆ. ರೈತ ತಡವಾಯಿತೆಂದು ಕೊರಗುವುದು ಈ ಮೇಜುಗಳ ನಡುವಿನ ಕಾಲಕ್ಕೆ.

ಆ ತಡಕ್ಕೆ ಬೆಲೆಯೆಷ್ಟು ಎಂದು ಒಂದು ಲೆಕ್ಕ ಮಾಡಿ ನೋಡೋಣ. 1894ರ ಹಳೆಯ ಭೂಸ್ವಾಧೀನ ಕಾಯ್ದೆಯ ಕೇಸು. ಕೋರ್ಟು ಎಕರೆಗೆ 2 ಲಕ್ಷ ರೂಪಾಯಿ ಹೆಚ್ಚಿಸಿದೆ ಎನ್ನಿ. ಒತ್ತಾಯದ ಸ್ವಾಧೀನಕ್ಕೆಂದು ಕೊಡುವ ಹೆಚ್ಚುವರಿ ಮೊತ್ತ, ಸೊಲೇಷಿಯಂ, ಅದರ ಶೇ 30, ಎಂದರೆ 60,000. ಅಧಿಸೂಚನೆಯಿಂದ ಅವಾರ್ಡಿನವರೆಗೆ ವರ್ಷಕ್ಕೆ ಶೇ 12ರಂತೆ ಎರಡು ವರ್ಷಕ್ಕೆ 48,000. ಒಟ್ಟು 3,08,000. ಸ್ವಾಧೀನಕ್ಕೆ ತೆಗೆದುಕೊಂಡ ಮೊದಲ ವರ್ಷ ಇದಕ್ಕೆ ಶೇ 9 ಬಡ್ಡಿ, 27,720. ಆಮೇಲೆ ವರ್ಷ ವರ್ಷವೂ ಶೇ 15, ಎಂದರೆ 46,200. ಸೊಲೇಷಿಯಂ ಮೇಲೂ ಬಡ್ಡಿ ಉಂಟೆಂದು ಸುಪ್ರೀಂ ಕೋರ್ಟು 2001ರ ಸುಂದರ್ ಪ್ರಕರಣದಲ್ಲಿ ಇತ್ಯರ್ಥ ಮಾಡಿದೆ. ಹತ್ತು ವರ್ಷಕ್ಕೆ ಬಡ್ಡಿಯೇ 4,43,520 ಆಗಿ ಅಸಲನ್ನು ಮೀರುತ್ತದೆ. ಕಡತ ಒಂದು ವರ್ಷ ಮಲಗಿದರೆ ಆ ಒಂದೇ ಎಕರೆಗೆ ಸಾರ್ವಜನಿಕರ 46,200 ರೂಪಾಯಿ ಹೋಯಿತು. ಮಗಳ ಮದುವೆಗೆಂದೋ ಕೊಳವೆಬಾವಿಗೆಂದೋ ಕೈಸಾಲ ಮಾಡಿದ ರೈತನಿಗೂ ಅದರಿಂದ ಸುಖವಿಲ್ಲ. ಇಬ್ಬರಿಗೂ ನಷ್ಟವಾಗುವ ಈ ವಿಳಂಬವನ್ನು ಸಹಜವೆಂದು ಒಪ್ಪಿಕೊಳ್ಳುವುದು ನನ್ನಿಂದಾಗದು. 2014ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ಸೊಲೇಷಿಯಂ ಶೇ 100, ಬಡ್ಡಿಯ ದರ ಹಿಂದಿನದೇ.

ಹಣ ಬರದಿದ್ದರೆ? ಸಿವಿಲ್ ಪ್ರಕ್ರಿಯಾ ಸಂಹಿತೆಯ 82ನೇ ಕಲಮು ಡಿಕ್ರಿಯ ದಿನದಿಂದ ಸರ್ಕಾರಕ್ಕೆ ಮೂರು ತಿಂಗಳು ಕೊಡುತ್ತದೆ. ಅದು ಕಳೆದ ಮೇಲೆ ಅಮಲ್ಜಾರಿ ಅರ್ಜಿ ಹಾಕಿ ಮುಂದುವರಿಯಬಹುದು. ಸರ್ಕಾರ ಮೇಲ್ಮನವಿ ಹಾಕಿದೆ ಎಂದ ಮಾತ್ರಕ್ಕೆ ಇದು ನಿಲ್ಲುವುದಿಲ್ಲ. ತಡೆಯಾಜ್ಞೆ ಬೇಕು, ತಡೆ ಕೊಡುವಾಗ ಹೈಕೋರ್ಟು ಒಂದಷ್ಟು ಹಣ ಠೇವಣಿ ಇಡಿಸುವುದು ರೂಢಿ. ತಡೆಯೂ ಇಲ್ಲ, ಹಣವೂ ಇಲ್ಲವೆಂದಾಗ ಕೋರ್ಟಿನ ಅಮೀನರು ವಾರಂಟ್ ಹಿಡಿದು ಕಚೇರಿಗೆ ಬರುತ್ತಾರೆ. ಕುರ್ಚಿ, ಬೀರು, ಕಂಪ್ಯೂಟರ್ ಎಣಿಸಿ ಪಟ್ಟಿ ಬರೆಯುತ್ತಾರೆ, ಹೊರಗೆ ನಿಂತ ಜೀಪಿನ ನಂಬರು ಗುರುತು ಹಾಕಿಕೊಳ್ಳುತ್ತಾರೆ. ಆ ಕುರ್ಚಿ ಮಾರಿದರೆ ಡಿಕ್ರಿ ತೀರುವುದಿಲ್ಲ. ವರ್ಷಗಟ್ಟಲೆ ಮಲಗಿದ್ದ ಕಡತ ಮಾತ್ರ ಎದ್ದು ಕೂರುತ್ತದೆ. ಅಮಲ್ಜಾರಿಗೆ ಒಟ್ಟು ಕಾಲಮಿತಿ 12 ವರ್ಷ. ಹಣ ಬರುವುದು ನೇರ ಮನೆಗಲ್ಲ, ಕೋರ್ಟಿನ ಠೇವಣಿಗೆ. ಅಲ್ಲಿಂದ ಬಿಡಿಸಿಕೊಳ್ಳಲು ಮತ್ತೊಂದು ಅರ್ಜಿ, ಬ್ಯಾಂಕ್ ಪಾಸ್‌ಬುಕ್ಕು, ಗುರುತಿನ ಚೀಟಿ. ಮೂಲ ಖಾತೆದಾರರು ತೀರಿಕೊಂಡಿದ್ದರೆ ವಾರಸುದಾರರ ಹೆಸರು ದಾಖಲೆಗೆ ಸೇರಿಸುವುದನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ.

ಪಕ್ಕದ ಹೊಲದವರಿಗೂ ಒಂದು ಮಾತು. ಅದೇ ಅಧಿಸೂಚನೆಯಲ್ಲಿ ಜಮೀನು ಹೋಗಿ, ಕೋರ್ಟಿಗೆ ಹೋಗುವ ಶಕ್ತಿಯಿಲ್ಲದೆ ಸುಮ್ಮನಿದ್ದವರು, ನೆರೆಯವರು ಗೆದ್ದ ತೀರ್ಪಿನ ದಿನದಿಂದ ಮೂರು ತಿಂಗಳೊಳಗೆ ಅದೇ ದರ ಕೇಳಿ ಅರ್ಜಿ ಕೊಡಬಹುದು. ಹಳೆಯ ಕಾಯ್ದೆಯಲ್ಲಿ ಅದು 28ಎ ಕಲಮು, ಹೊಸದರಲ್ಲಿ 73. ತೀರ್ಪಿನ ನಕಲು ಪಡೆಯಲು ಹಿಡಿದ ದಿನಗಳನ್ನು ಈ ಮೂರು ತಿಂಗಳ ಲೆಕ್ಕದಿಂದ ಬಿಡುತ್ತಾರೆ. ಹಾಗಾಗಿ ಊರಲ್ಲಿ ಯಾರದಾದರೂ ಡಿಕ್ರಿ ಆಯಿತೆಂದು ಕೇಳಿದ ದಿನವೇ ನಕಲಿಗೆ ಅರ್ಜಿ ಹಾಕಿ, ತೀರ್ಪಿನ ತಾರೀಖು ಬರೆದಿಟ್ಟುಕೊಳ್ಳಿ.