ಗೋಡೆಯ ಮೇಲೆ ಸವಿತಾ, ಸಭೆಯಲ್ಲಿ 99 ಜನ: ಐರ್ಲೆಂಡ್ ಸಂವಿಧಾನ ಬದಲಾದದ್ದು ಹೀಗೆ

2018ರ ಮೇ ಕೊನೆಯ ವಾರ. ಡಬ್ಲಿನ್‌ನ ಒಂದು ಗೋಡೆಯ ಮೇಲೆ ಬೆಳಗಾವಿಯ ಹೆಣ್ಣುಮಗಳೊಬ್ಬಳ ದೊಡ್ಡ ಚಿತ್ರ. ಜನ ಬಂದು ಹೂವಿಟ್ಟರು, ಚೀಟಿ ಬರೆದು ಅಂಟಿಸಿದರು. ಎಷ್ಟೋ ಚೀಟಿಗಳಲ್ಲಿ ಇದ್ದದ್ದು ಕ್ಷಮೆ.

ಆಕೆ ಸವಿತಾ ಹಾಲಪ್ಪನವರ್. ದಂತವೈದ್ಯೆ, 31 ವರ್ಷ. 2012ರ ಅಕ್ಟೋಬರ್‌ನಲ್ಲಿ 17 ವಾರದ ಗರ್ಭಿಣಿಯಾಗಿ ಗಾಲ್ವೇ ನಗರದ ಆಸ್ಪತ್ರೆ ಸೇರಿದಾಗ ಗರ್ಭ ಉಳಿಯಲ್ಲ ಅನ್ನುವುದು ವೈದ್ಯರಿಗೂ ಗೊತ್ತಿತ್ತು. ಗರ್ಭಪಾತ ಮಾಡಿ ಎಂದು ಕೇಳಿಕೊಂಡರು. ಭ್ರೂಣದ ಎದೆಬಡಿತ ಇನ್ನೂ ಇದೆ, ಆಗಲ್ಲ ಅಂದರು. ಅಕ್ಟೋಬರ್ 28ರಂದು ಸೋಂಕು ಮೈಗೆಲ್ಲ ಹರಡಿ ಸವಿತಾ ತೀರಿಕೊಂಡರು. 1983ರಲ್ಲಿ ತಂದಿದ್ದ ಎಂಟನೇ ತಿದ್ದುಪಡಿಯ ಪ್ರಕಾರ ಭ್ರೂಣಕ್ಕೂ ತಾಯಿಗೂ ಬದುಕುವ ಹಕ್ಕು ಸಮ. ಆ ತಿದ್ದುಪಡಿಯನ್ನು 2018ರ ಮೇ 25ರಂದು ಶೇ 66.4ರಷ್ಟು ಮತದಾರರು ಕಿತ್ತುಹಾಕಿದರು.

ಚರ್ಚ್‌ನ ಹಿಡಿತ ಇಷ್ಟು ಗಟ್ಟಿಯಾಗಿದ್ದ ದೇಶದಲ್ಲಿ ಇದು ಹೇಗಾಯ್ತು?

ಈ ವಿಷಯ ಮುಟ್ಟಲು ರಾಜಕಾರಣಿಗಳಿಗೆ ಭಯ. ಹಾಗಾಗಿ ಸರ್ಕಾರ 2016ರಲ್ಲಿ ನಾಗರಿಕರ ಸಭೆಯೊಂದನ್ನು ಕೂರಿಸಿತು. (ಜವಾಬ್ದಾರಿ ಜಾರಿಸುವ ಜಾಣತನವೂ ಇದರಲ್ಲಿ ಇತ್ತೆನ್ನಿ.) ವಯಸ್ಸು, ಲಿಂಗ, ಪ್ರದೇಶ, ವರ್ಗ ನೋಡಿ ಆರಿಸಿದ 99 ಸಾಮಾನ್ಯ ಜನ, ಅಧ್ಯಕ್ಷತೆಗೆ ನ್ಯಾಯಮೂರ್ತಿ ಮೇರಿ ಲಾಫಾಯ್. ಐದು ವಾರಾಂತ್ಯ ಇದೇ ಚರ್ಚೆ. ವೈದ್ಯರು, ವಕೀಲರು, ಪರ-ವಿರೋಧದ ಸಂಘಟನೆಗಳು ಬಂದು ಮಾತಾಡಿದವು. ಜೊತೆಗೆ ಆರು ಮಹಿಳೆಯರ ಅನುಭವಗಳನ್ನು ದನಿಮುದ್ರಿಸಿ ಕೇಳಿಸಲಾಯಿತು. ಮುಖವಿಲ್ಲ, ಬರೀ ದನಿ. ಕೊನೆಗೆ, ಕಾರಣ ಕೇಳದೆ ಗರ್ಭಪಾತಕ್ಕೆ ಅವಕಾಶ ಇರಲಿ ಎಂದವರು ಶೇ 64. ಇಷ್ಟು ದೂರ ಹೋಗುತ್ತಾರೆಂದು ಸಂಸದರೇ ಎಣಿಸಿರಲಿಲ್ಲ.

ಸಭೆಯ ಹೊರಗೆ ಕಲಾವಿದರು ಕೂತಿರಲಿಲ್ಲ. 2016ರಲ್ಲಿ ಮೇಸರ್ ಎಂಬ ಕಲಾವಿದ ಡಬ್ಲಿನ್‌ನ ಪ್ರಾಜೆಕ್ಟ್ ಆರ್ಟ್ಸ್ ಸೆಂಟರ್ ಗೋಡೆಯ ಮೇಲೆ 'ತಿದ್ದುಪಡಿ ತೆಗೆಯಿರಿ' ಎನ್ನುವ ಕೆಂಪು ಹೃದಯ ಬಿಡಿಸಿದ. ಅಧಿಕಾರಿಗಳು ಅಳಿಸಿಸಿದರು. 2018ರಲ್ಲಿ ಮತ್ತೆ ಬರೆದ, ಮತ್ತೆ ಅಳಿಸಬೇಕಾಯ್ತು. ಅಳಿಸಿದಷ್ಟೂ ಚಿತ್ರ ಟೀ-ಶರ್ಟು, ಬ್ಯಾಡ್ಜುಗಳ ಮೇಲೆ ಓಡಾಡಿತು. ಅದೇ ವರ್ಷ 'ಇನ್ ಹರ್ ಶೂಸ್' ಎಂಬ ಫೇಸ್‌ಬುಕ್ ಪುಟದಲ್ಲಿ, ಗರ್ಭಪಾತಕ್ಕಾಗಿ ಗುಟ್ಟಾಗಿ ಇಂಗ್ಲೆಂಡ್‌ಗೆ ಹೋಗಿಬಂದ ಹೆಂಗಸರು ಹೆಸರಿಲ್ಲದೆ ತಮ್ಮ ಕತೆ ಬರೆದರು. ಬೆಳಗಾವಿಯಿಂದ ಸವಿತಾರ ತಂದೆ-ತಾಯಿ ವಿಡಿಯೊದಲ್ಲಿ ಮನವಿ ಮಾಡಿದರು. ಮತದಾನದ ದಿನ ಆರ್‌ಟಿಇ ವಾಹಿನಿ ಸಮೀಕ್ಷೆ ಮಾಡಿ, ನಿಮ್ಮ ಮೇಲೆ ಯಾವುದು ಪ್ರಭಾವ ಬೀರಿತು ಎಂದು ಕೇಳಿದಾಗ ಮಾಧ್ಯಮಗಳಲ್ಲಿ ಬಂದ ಜನರ ಸ್ವಂತ ಕತೆಗಳು ಎಂದವರು ಶೇ 43. ಹೌದು, ಬಹುಪಾಲು ಜನ ಮೊದಲೇ ತೀರ್ಮಾನಿಸಿದ್ದರು ಅನ್ನುವುದೂ ಅದೇ ಸಮೀಕ್ಷೆಯಲ್ಲಿದೆ. ಆದರೆ ಆ ತೀರ್ಮಾನಕ್ಕೂ ಹಿಂದೆ ಸವಿತಾರ ಕತೆ ಆರು ವರ್ಷದಿಂದ ಇತ್ತಲ್ಲ?

ಈಗ ಇಡೀ ಯುರೋಪಿಗೆ ಬನ್ನಿ. 'ಯುರೋಪಿನ ಭವಿಷ್ಯದ ಸಮ್ಮೇಳನ'ಕ್ಕೆ 27 ದೇಶಗಳಿಂದ ಚೀಟಿ ಎತ್ತಿದಂತೆ 800 ಜನರನ್ನು ಆರಿಸಿದರು, ಮೂರರಲ್ಲೊಂದು ಪಾಲು ಯುವಜನ. 2022ರ ಮೇ 9ರಂದು 49 ಪ್ರಸ್ತಾವಗಳು ಸಿದ್ಧ. ಪ್ರಕ್ರಿಯೆಯಲ್ಲಿ ಕೊರತೆ ಹುಡುಕುವುದು ಕಷ್ಟ. ಆದರೆ ಆ 49ರಲ್ಲಿ ಒಂದಕ್ಕಾದರೂ ಮುಖವಿತ್ತೇ? ಜನ ಬೀದಿಯಲ್ಲಿ ನಿಂತು ಹೇಳಿಕೊಳ್ಳುವ ಕತೆ ಇತ್ತೇ? ಒಪ್ಪಂದ ತಿದ್ದೋಣ ಎಂದು ಯುರೋಪಿಯನ್ ಸಂಸತ್ತು ಕೇಳಿತು. ಸದಸ್ಯ ದೇಶಗಳ ಸರ್ಕಾರಗಳು ಆ ದಾರಿ ಹಿಡಿಯಲಿಲ್ಲ, ಅದಕ್ಕಾಗಿ ಯಾರೂ ಅವರನ್ನು ಕಾಡಲೂ ಇಲ್ಲ.

ಐರ್ಲೆಂಡೂ ಎಡವಿದೆ. ಮನೆಯೊಳಗಿನ ಹೆಣ್ಣಿನ ಪಾತ್ರದ ಬಗ್ಗೆ ಸಂವಿಧಾನದಲ್ಲಿರುವ ಹಳೇ ಸಾಲನ್ನು ಬದಲಿಸಿ, ಆರೈಕೆಗೆ ಬೆಂಬಲ ಕೊಡುವುದು ಸರ್ಕಾರದ ಹೊಣೆಯಾಗಲಿ ಎಂದು ಮತ್ತೊಂದು ನಾಗರಿಕರ ಸಭೆ ಹೇಳಿತ್ತು. ಸರ್ಕಾರ ಆ ಮಾತನ್ನು ತೆಳು ಮಾಡಿ, 'ಪ್ರಯತ್ನಿಸುತ್ತದೆ' ಎಂದಷ್ಟೇ ಬರೆದು ಜನಮತಕ್ಕಿಟ್ಟಿತು. 2024ರ ಮಾರ್ಚ್‌ನಲ್ಲಿ ಶೇ 73.9 ಮತದಾರರು ಅದನ್ನು ತಿರಸ್ಕರಿಸಿದರು. ವಿರೋಧಿಸಿದವರಲ್ಲಿ, ಈ ಪದಗಳಿಂದ ನಮಗೇನೂ ಸಿಗಲ್ಲ ಎಂದ ಅಂಗವಿಕಲ ಹೋರಾಟಗಾರರೂ ಇದ್ದರು.