ಕುಂಬಾರ ಕನ್ಯೆಯ ಮದುವೆ

ಸಂಕ್ರಮಣದ ಚಳಿ. ಸೊಲ್ಲಾಪುರದ ಸಿದ್ಧೇಶ್ವರ ಕೆರೆಯ ದಂಡೆಯಲ್ಲಿ, ಸಮ್ಮತಿ ಕಟ್ಟೆಯ ಸುತ್ತ ಎಲ್ಲಿ ನೋಡಿದರೂ ಬಿಳಿ ಬಾರಾಬಂದಿ ಅಂಗಿ. ಏಳು ನಂದಿಧ್ವಜಗಳು ಊರು ಸುತ್ತಿ ಬಂದು ನಿಂತಿವೆ. ಹೊತ್ತವನ ಕತ್ತಿನ ನರ ಉಬ್ಬಿದೆ. ಸುತ್ತಲಿನವರ ಕಣ್ಣು ಕೋಲಿನ ತುದಿಯ ಮೇಲಿದೆ. ಕಟ್ಟೆಯ ಮೇಲಿಂದ ಸಮ್ಮತಿಯ ಮಾತು ಕನ್ನಡದಲ್ಲೇ ಕೇಳುತ್ತದೆ. ಮರಾಠಿ ಮನೆಮಾತಿನವರೂ ಅದಕ್ಕೇ ಕಾದು ಅಕ್ಷತೆ ತೂರುತ್ತಾರೆ. ನಿನ್ನೆ ಅರವತ್ತೆಂಟು ಲಿಂಗಗಳಿಗೆ ನಡೆದ ಸೇವೆಗೂ ಅವರ ಬಾಯಲ್ಲಿ ಎಣ್ಣೆಮಜ್ಜನ ಎಂದೇ ಹೆಸರು.

ಹನ್ನೆರಡನೆಯ ಶತಮಾನದ ಶಿವಯೋಗಿ ಸಿದ್ಧರಾಮನನ್ನು ಕುಂಬಾರರ ಹುಡುಗಿಯೊಬ್ಬಳು ವರಿಸಬಯಸಿದಳಂತೆ. ಆತ ಒಲ್ಲೆನೆಂದ, ಆಕೆ ಬಿಡಲಿಲ್ಲ. ಕೊನೆಗೆ ತನ್ನ ಯೋಗದಂಡವನ್ನು ಮದುವೆಯಾಗೆಂದು ಕೊಟ್ಟ. ಇಂದು ನಡೆಯುತ್ತಿರುವುದು ಆ ಮದುವೆಯೇ; ನಂದಿಧ್ವಜ ಆ ದಂಡದ ಗುರುತು.

ಪಕ್ಕದ ಆಯಿಯ ತೊಡೆಯ ಮೇಲೆ ಮೊಮ್ಮಗಳು. ಕಣ್ಣ ಕಾಡಿಗೆ ಕೆನ್ನೆಗೆ ಇಳಿದಿದೆ, ಅಕ್ಷತೆಯ ಎರಡು ಕಾಳು ಅದಕ್ಕೆ ಅಂಟಿವೆ. ಈ ಕಾಡಿಗೆ ಕಂಡು ನನಗೆ ನೆನಪಾದದ್ದು ಯೆಹೂದ್ಯರ ಹನೋಕನ ಗ್ರಂಥ. ಹೆರ್ಮೋನ್ ಬೆಟ್ಟದ ಮೇಲೆ ಇನ್ನೂರು ದೇವದೂತರು ಆಣೆಯಿಟ್ಟುಕೊಂಡು ಇಳಿದು, ಮನುಷ್ಯರ ಹೆಣ್ಣುಮಕ್ಕಳಲ್ಲಿ ಬೇಕೆನಿಸಿದವರನ್ನು ಹಿಡಿದುಕೊಂಡರು. ಅಜಾಜೇಲನೆಂಬವನು ಗಂಡಸರಿಗೆ ಕತ್ತಿ ಬಡಿಯುವುದನ್ನೂ ಹೆಂಗಸರಿಗೆ ಕಣ್ಣು ತೀಡುವುದನ್ನೂ ಕಲಿಸಿದ. ದೂತರಿಗೂ ಆ ಹೆಣ್ಣುಗಳಿಗೂ ಹುಟ್ಟಿದ ದೈತ್ಯರು ಮನುಷ್ಯರನ್ನೇ ತಿಂದರು. ಅಜಾಜೇಲನ ಕೈಕಾಲು ಕಟ್ಟಿ ಮರುಭೂಮಿಯ ಗುಂಡಿಗೆ ತಳ್ಳಿ, ಮೇಲೆ ಚೂಪು ಕಲ್ಲು ಹೇರಲಾಯಿತು. ಇಡೀ ಗ್ರಂಥವನ್ನು ಉಳಿಸಿಕೊಂಡವರು ಇಥಿಯೋಪಿಯದ ಕ್ರೈಸ್ತರು. ಅರಾಮಿಕ್ ಚೂರುಗಳು ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಗಳಲ್ಲಿ ಸಿಕ್ಕವು.

ದೂತರ ನಾಯಕರ ಹೆಸರುಗಳನ್ನು ಆ ಗ್ರಂಥ ಒಂದೊಂದಾಗಿ ಹೇಳುತ್ತದೆ. ಆ ಹುಡುಗಿಯರ ಹೆಸರಿಲ್ಲ, ಅವರನ್ನು ಕೇಳಿದವರಿಲ್ಲ. ಇಲ್ಲಿ ಬಯಕೆ ಹುಡುಗಿಯದು, ಕಟ್ಟೆಯ ಹೆಸರೇ ಸಮ್ಮತಿ. ಇದು ನನಗೆ ದೊಡ್ಡ ಮಾತೆನಿಸುತ್ತದೆ.

“ಆಯಿ, ಆ ಹುಡುಗಿ ಹೆಸರೇನ್ರಿ?”

“ಕುಂಬಾರ ಕನ್ಯೆ ಅಂತಾರವ್ವ.”

“ಅದು ಹೆಸರಲ್ಲಲ್ರಿ?”

ಆಯಿ ಸೆರಗಿನಿಂದ ಮಗುವಿನ ಕೆನ್ನೆ ಒರೆಸಿದಳು. “ನಾಳಿ ರಾತ್ರಿ ಹೋಮಕ್ಕ ಬಾ. ಅಲ್ಲಿ ಆಕಿನ್ನ ನೋಡೂವಿಯಂತ.”

ಮರುದಿನ ರಾತ್ರಿ ಹೋಮದ ಮೈದಾನದಲ್ಲಿ ದಂಟಿನ ಕಂತೆಗೆ ಸೀರೆ ಉಡಿಸಿ, ಹಾರ ಹಾಕಿ ನಿಲ್ಲಿಸಿದ್ದರು. ಗಂಡನಾದ ದಂಡದ ನಂಟು ಮುಗಿಸಿ ಆಕೆ ಅಗ್ನಿ ಹೊಕ್ಕಳೆಂಬುದು ಕಥೆ. ಬೆಂಕಿ ತಾಗಿತು. ಮೊದಲು ಸೆರಗು ಸುರುಟಿತು, ಆಮೇಲೆ ಒಣ ದಂಟು ಚಟಚಟ ಸಿಡಿಯಿತು. ಕೆರೆಯ ನೀರಲ್ಲಿ ಅದರ ಕೆಂಪು ಅಲುಗುತ್ತಿತ್ತು; ನಂದಿಧ್ವಜಗಳು ಅಲುಗದೆ ನಿಂತಿದ್ದವು.