ಅಂಗಡಿ ಗಾಜಿನ ಮೇಲಿನ ಬಿಳಿ ಕಲೆ: ಶುದ್ಧೀಕರಿಸಿದ ನೀರು ಎಷ್ಟು ಅಗತ್ಯ?

ಒಂದು ಕಾಲಕ್ಕೆ ಹೊಳಲ್ಕೆರೆಯಂತಹ ತಾಲ್ಲೂಕು ಕೇಂದ್ರಗಳಲ್ಲಿ ಅಂಗಡಿಯ ಮುಂಭಾಗವೆಂದರೆ ಮರದ ಹಲಗೆಯ ಬಾಗಿಲು. ತರುವಾಯ ಬಂದದ್ದು ಕಬ್ಬಿಣದ ರೋಲಿಂಗ್ ಶಟರ್. ಇಂದು ಬಟ್ಟೆ ಅಂಗಡಿ, ಚಿನ್ನಬೆಳ್ಳಿ ಮಳಿಗೆ, ಬೇಕರಿ, ವಾಹನ ಶೋರೂಂಗಳಲ್ಲಿ ಗಾಜೇ ವ್ಯಾಪಾರದ ಮುಖವಾಗಿದೆ. ಆದರೆ ದಿನವೂ ತೊಳೆದರೂ ಬಿಸಿಲು ಏರುವಷ್ಟರಲ್ಲಿ ಗಾಜಿನ ಮೇಲೆ ಬಿಳಿಯ ಚುಕ್ಕೆಗಳೂ ಗೆರೆಗಳೂ ಮೂಡುತ್ತವೆ. ಹುಡುಗ ಸರಿಯಾಗಿ ಒರೆಸಲಿಲ್ಲವೆಂದು ಮಾಲೀಕರು ಗದರುವುದುಂಟು. ಬಹಳಷ್ಟು ಸಂದರ್ಭಗಳಲ್ಲಿ ದೋಷವಿರುವುದು ಕೈಯಲ್ಲಲ್ಲ, ಬಕೆಟ್ಟಿನ ನೀರಿನಲ್ಲಿ.

ಕಲೆಯ ಮೂಲ

ಚಿತ್ರದುರ್ಗ ಜಿಲ್ಲೆಯದು ಗಟ್ಟಿ ಶಿಲೆಯ ನೆಲ. ಮಳೆಯೂ ಕಡಿಮೆ. ಬಿರುಕುಗಳಲ್ಲಿ ನಿಧಾನವಾಗಿ ಇಳಿಯುವ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಮುಂತಾದ ಲವಣಗಳನ್ನು ಕರಗಿಸಿಕೊಂಡೇ ಕೊಳವೆಬಾವಿಯನ್ನು ಸೇರುತ್ತದೆ. ಜನ ಇದನ್ನು ಉಪ್ಪು ನೀರು, ಗಡಸು ನೀರು ಎನ್ನುತ್ತಾರೆ. ಭಾರತೀಯ ಮಾನಕ ಬ್ಯೂರೋದ ಐಎಸ್ 10500:2012 ಮಾನಕದಂತೆ ಕುಡಿಯುವ ನೀರಿನಲ್ಲಿ ಕರಗಿದ ಒಟ್ಟು ಘನವಸ್ತುಗಳು, ಅಂದರೆ ಟಿಡಿಎಸ್, ಲೀಟರಿಗೆ 500 ಮಿಲಿಗ್ರಾಂ ಮೀರಬಾರದು. ಬೇರೆ ಜಲಮೂಲವಿಲ್ಲದಿದ್ದರೆ 2000ದವರೆಗೆ ಅವಕಾಶವಿದೆ. ಗಡಸುತನಕ್ಕೆ ಈ ಮಿತಿಗಳು ಕ್ರಮವಾಗಿ 200 ಮತ್ತು 600.

ಗಾಜಿನ ದೃಷ್ಟಿಯಿಂದ ಈ ಅಂಕಿಗಳ ಅರ್ಥ ಸರಳ. 1500 ಟಿಡಿಎಸ್ ಇರುವ ಒಂದು ಲೀಟರ್ ನೀರು ಪೂರ್ತಿ ಆವಿಯಾದರೆ ಸುಮಾರು ಒಂದೂವರೆ ಗ್ರಾಂ ಲವಣ ಉಳಿಯುತ್ತದೆ. ನೀರು ಹೋಗುತ್ತದೆ, ಲವಣ ಹೋಗುವುದಿಲ್ಲ. ಆ ಲವಣವೇ ಬಿಳಿ ಕಲೆ.

ವೈಪರ್ ಮಾಡುವ ಕೆಲಸ

ಗಾಜು ಒರೆಸುವ ಇಂದಿನ ರಬ್ಬರ್ ವೈಪರ್‌ಗೆ ದೀರ್ಘ ಇತಿಹಾಸವಿದೆ. ಇಟಲಿಯಿಂದ ಅಮೆರಿಕಕ್ಕೆ ವಲಸೆ ಹೋದ ಎತ್ತೋರೆ ಸ್ತೆಕ್ಕೋನೆ 1936ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲೆಂಡ್‌ನಲ್ಲಿ ಹಿತ್ತಾಳೆಯ ಹಗುರವಾದ ಹಿಡಿ ಮತ್ತು ಒಂದೇ ರಬ್ಬರ್ ಪಟ್ಟಿಯ ಸಾಧನವನ್ನು ರೂಪಿಸಿದರು. ಅದರ ತತ್ವ ಇಂದಿಗೂ ಬದಲಾಗಿಲ್ಲ: ನೀರು ಆವಿಯಾಗುವ ಮೊದಲೇ ಅದನ್ನು ಎಳೆದು ತೆಗೆಯುವುದು. ನೀರಿನೊಂದಿಗೆ ಲವಣವೂ ಧೂಳೂ ಹೊರಹೋಗುತ್ತವೆ.

ಇದಕ್ಕೆ ವ್ಯತಿರಿಕ್ತವಾದ ಪದ್ಧತಿಯೂ ಇದೆ. ಉದ್ದನೆಯ ಕೊಳವೆಗೋಲಿನ ತುದಿಯ ಬ್ರಷ್ಷಿಗೆ ನೀರು ಹರಿಸಿ, ನೆಲದ ಮೇಲೆ ನಿಂತೇ ಮಹಡಿಯ ಗಾಜನ್ನು ತೊಳೆದು ಒಣಗಲು ಬಿಡಲಾಗುತ್ತದೆ. ಬ್ರಿಟನ್ನಿನಲ್ಲಿ ಇದು ವ್ಯಾಪಕವಾಗಿದೆ; ಎತ್ತರದಲ್ಲಿ ಕೆಲಸ ಮಾಡುವ ಬಗ್ಗೆ 2005ರಲ್ಲಿ ಅಲ್ಲಿ ಬಂದ ನಿಯಮಗಳು ಏಣಿಯ ಬಳಕೆಗೆ ಕಡಿವಾಣ ಹಾಕಿದವು. ಇಲ್ಲಿ ನೀರು ತಾನಾಗಿ ಒಣಗುವುದರಿಂದ ಟಿಡಿಎಸ್ ಸೊನ್ನೆಯ ಸಮೀಪ, ಹೆಚ್ಚೆಂದರೆ 10ರ ಆಸುಪಾಸು, ಇರಬೇಕಾಗುತ್ತದೆ.

ಹಾಗಾದರೆ ವೈಪರ್ ಬಳಸುವವರಿಗೆ ಶುದ್ಧೀಕರಿಸಿದ ನೀರು ಬೇಕೇ? ಸಿಹಿ ನೀರಿನ ಊರಿನಲ್ಲಿ ಅಗತ್ಯವಿಲ್ಲ. ಗಡಸು ನೀರಿನ ಊರಿನಲ್ಲಿ ಮಾತ್ರ ಅದರಿಂದ ಎರಡು ಪ್ರಯೋಜನಗಳಿವೆ. ಮೊದಲನೆಯದು, ಗಡಸು ನೀರಿನಲ್ಲಿ ಸಾಬೂನು ಕ್ಯಾಲ್ಸಿಯಂ ಜೊತೆ ಸೇರಿ ಅಂಟಾದ ಗಸಿಯಾಗುತ್ತದೆ; ನೊರೆ ಬಾರದೆ ರಬ್ಬರ್ ತಡವರಿಸಿ ಗೆರೆ ಬೀಳುತ್ತದೆ. ಮೆದು ನೀರಿನಲ್ಲಿ ಕೆಲವೇ ಹನಿ ಪಾತ್ರೆ ತೊಳೆಯುವ ದ್ರವ ಸಾಕು. ಎರಡನೆಯದು, ವೈಪರ್ ಎಷ್ಟೇ ಚೆನ್ನಾಗಿ ಎಳೆದರೂ ಚೌಕಟ್ಟಿನ ಅಂಚಿನಲ್ಲಿ, ಮೂಲೆಯಲ್ಲಿ ಸ್ವಲ್ಪ ನೀರು ಉಳಿಯುತ್ತದೆ. ಕಲೆ ಕಟ್ಟುವುದು ಅಲ್ಲಿಂದಲೇ.

ಆರ್‌ಓ ನೀರು ಟಿಡಿಎಸ್‌ನ ಶೇ. 90ರಿಂದ 95ರಷ್ಟನ್ನು ತೆಗೆದರೆ 1500ರ ನೀರು 75ರಿಂದ 150ಕ್ಕೆ ಇಳಿಯುತ್ತದೆ. ತೊಳೆದು ಹಾಗೆಯೇ ಒಣಗಲು ಬಿಡಲು ಇದು ಸಾಲದು. ವೈಪರ್ ಎಳೆದ ನಂತರ ಅಂಚಿನಲ್ಲಿ ಉಳಿಯುವ ಹನಿಗೆ ಧಾರಾಳವಾಗಿ ಸಾಕು. ಶುದ್ಧ ನೀರು ವೈಪರ್‌ಗೆ ಪೂರಕವೇ ಹೊರತು ಬದಲಿಯಲ್ಲ.

ಮೆದು ನೀರು ಬೇರೆ, ಶುದ್ಧ ನೀರು ಬೇರೆ

ಮಾರುಕಟ್ಟೆಯಲ್ಲಿ ದೊರೆಯುವ ವಾಟರ್ ಸಾಫ್ಟನರ್ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಅವುಗಳ ಸ್ಥಾನದಲ್ಲಿ ಸೋಡಿಯಂ ಸೇರಿಸುತ್ತದೆ. ನೊರೆ ಚೆನ್ನಾಗಿ ಬರುತ್ತದೆ, ಆದರೆ ಟಿಡಿಎಸ್ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ. ಉಳಿಯುವ ಕಲೆ ಒದ್ದೆ ಬಟ್ಟೆಗೆ ಸುಲಭವಾಗಿ ಹೋಗುತ್ತದೆಂಬುದಷ್ಟೇ ಲಾಭ. ಡಿಅಯೊನೈಸರ್ ರಾಳವು ನೀರನ್ನು ಸೊನ್ನೆಯವರೆಗೆ ಇಳಿಸಬಲ್ಲದು. ಗಡಸು ನೀರನ್ನು ನೇರವಾಗಿ ಹಾಯಿಸಿದರೆ ಅದು ಬೇಗನೆ ಬರಿದಾಗುತ್ತದೆ. ಆದ್ದರಿಂದಲೇ ವೃತ್ತಿಪರರು ಮೊದಲು ಆರ್‌ಓ, ನಂತರ ರಾಳ ಎಂಬ ಕ್ರಮವನ್ನು ಅನುಸರಿಸುತ್ತಾರೆ. ಸಣ್ಣ ಅಂಗಡಿಗೆ ಈ ವೆಚ್ಚ ಅನಗತ್ಯ. ಕೆಲವು ನೂರು ರೂಪಾಯಿಗೆ ದೊರೆಯುವ ಪೆನ್ನಿನಾಕಾರದ ಟಿಡಿಎಸ್ ಮೀಟರ್ ಕೊಂಡು ತಮ್ಮ ನಲ್ಲಿಯ ನೀರನ್ನು ಒಮ್ಮೆ ಅಳೆದುಕೊಳ್ಳುವುದು ಮೊದಲ ಹೆಜ್ಜೆ.

ಅನುಸರಿಸಬೇಕಾದ ಕ್ರಮ

ಧೂಳನ್ನು ಮೊದಲು ಸಾಮಾನ್ಯ ನೀರಿನಿಂದಲೇ ತೊಳೆಯಬಹುದು. ಅದು ಒಣಗುವ ಮುನ್ನ ಎರಡನೆಯ ಬಕೆಟ್ಟಿನ ಶುದ್ಧ ನೀರನ್ನು ಸ್ಪಂಜಿನಿಂದ ಹಚ್ಚಿ, ಮೇಲಿನಿಂದ ಕೆಳಕ್ಕೆ ವೈಪರ್ ಎಳೆಯಬೇಕು. ಪ್ರತಿ ಎಳೆತದ ನಂತರ ರಬ್ಬರನ್ನು ಒಣ ಬಟ್ಟೆಯಿಂದ ಒರೆಸಿ, ಮುಂದಿನ ಎಳೆತ ಹಿಂದಿನದನ್ನು ಎರಡು ಅಂಗುಲದಷ್ಟು ಆವರಿಸುವಂತೆ ನೋಡಿಕೊಳ್ಳಬೇಕು. ಕೊನೆಗೆ ಅಂಚುಗಳನ್ನು ಎಳೆ ಬಿಡದ ಬಟ್ಟೆಯಿಂದ ಒರೆಸಬೇಕು. ಬಿಸಿಲು ಬೀಳುವ ಮೊದಲೇ ಕೆಲಸ ಮುಗಿದರೆ ಒಳಿತು. ರಬ್ಬರಿನ ಅಂಚು ಹರಿದಿದ್ದರೆ ಯಾವ ನೀರೂ ಗೆರೆಯನ್ನು ತಪ್ಪಿಸಲಾರದು.

ಹಳೆಯ ಸುಣ್ಣದ ಕಲೆಗೆ ನಿಂಬೆರಸ ಅಥವಾ ವಿನೆಗರ್ ಹಚ್ಚಿ ಕೆಲ ನಿಮಿಷ ಬಿಟ್ಟು ತೊಳೆಯಬಹುದು. ಬಚ್ಚಲಿನ ಆಸಿಡ್ ಬಳಸುವ ಅಭ್ಯಾಸ ಸರ್ವಥಾ ಸಲ್ಲದು. ಅದು ಅಲ್ಯೂಮಿನಿಯಂ ಚೌಕಟ್ಟನ್ನು ತಿನ್ನುತ್ತದೆ, ಕೆಲಸಗಾರನ ಕೈಗೂ ಶ್ವಾಸಕೋಶಕ್ಕೂ ಹಾನಿ ಮಾಡುತ್ತದೆ.

ನೀರಿನ ಲೆಕ್ಕ

ಬರಗಾಲ ಕಂಡ ಜಿಲ್ಲೆಯಲ್ಲಿ ಗಾಜಿಗೆ ಶುದ್ಧ ನೀರು ಸುರಿಯುವುದು ಸರಿಯೇ ಎಂಬ ಪ್ರಶ್ನೆ ಸಹಜ. ಶುದ್ಧ ಕುಡಿಯುವ ನೀರಿನ ಘಟಕಗಳು ಸ್ಥಾಪಿತವಾದುದು ಫ್ಲೋರೈಡ್ ಮತ್ತು ಗಡಸುತನದಿಂದ ಬಳಲುವ ಜನರಿಗಾಗಿ. ಬೇಸಿಗೆಯಲ್ಲಿ ಕೊಡಗಳ ಸಾಲು ನಿಂತಿರುವಾಗ ಆ ನೀರನ್ನು ಗಾಜಿಗೆ ಒಯ್ಯುವುದು ಉಚಿತವಲ್ಲ. ಆರ್‌ಓ ಯಂತ್ರವು ಪಡೆದ ನೀರಿನ ಗಣನೀಯ ಭಾಗವನ್ನು ಹೊರಹಾಕುತ್ತದೆ ಎಂಬುದನ್ನೂ ಮರೆಯುವಂತಿಲ್ಲ. ಅರ್ಧದಷ್ಟು ಹೊರಹೋದರೆ ಅದರ ಟಿಡಿಎಸ್ ಸುಮಾರು ಇಮ್ಮಡಿ. ಅದನ್ನು ನೆಲ ತೊಳೆಯಲು ಬಳಸಬಹುದು, ಗಾಜಿಗೆ ಬೇಡ.

ಅದೃಷ್ಟವಶಾತ್ ಬೇರೆ ಮೂಲಗಳಿವೆ. ಛಾವಣಿಯ ಮಳೆನೀರಿನಲ್ಲಿ ಲವಣ ಅತ್ಯಲ್ಪ. ಮೊದಲ ಮಳೆಯನ್ನು ಬಿಟ್ಟು ನಂತರದ್ದನ್ನು ಸೋಸಿ ಡ್ರಮ್ಮಿನಲ್ಲಿ ಮುಚ್ಚಿಟ್ಟರೆ ಬಹುಕಾಲ ಒದಗುತ್ತದೆ. ಹವಾನಿಯಂತ್ರಣವಿರುವ ಮಳಿಗೆಗಳಲ್ಲಿ ಯಂತ್ರದಿಂದ ತೊಟ್ಟಿಕ್ಕಿ ಚರಂಡಿ ಸೇರುವ ನೀರೂ ಗಾಳಿಯ ತೇವವೇ ದ್ರವವಾದದ್ದು. ಕುಡಿಯಲು ಯೋಗ್ಯವಲ್ಲದಿದ್ದರೂ ಗಾಜಿಗೆ ಉತ್ತಮ. ಪೈಪಿನಿಂದ ಗಾಜಿಗೆ ನೀರು ಚಿಮ್ಮಿಸುವ ಬದಲು ಅಳತೆಯಾಗಿ ಬಳಸಿದರೆ ಸಣ್ಣ ಮಳಿಗೆಯ ಮುಂಭಾಗಕ್ಕೆ ಇಂತಹ ನೀರು ಅರ್ಧ ಬಕೆಟ್ ಸಾಕು. ಗಾಜು ಹೊಳೆಯಲು ಹೆಚ್ಚು ನೀರು ಬೇಕಿಲ್ಲ, ತಕ್ಕ ನೀರು ಬೇಕು ಎಂಬುದನ್ನು ವರ್ತಕ ಬಂಧುಗಳು ಗಮನಿಸಿದರೆ ಅಂಗಡಿಗೂ ಊರಿಗೂ ಹಿತ.